ಭೂಮಿಯ ಸೊಂಟದ ಅಳತೆ

“ವಿಮಾನ ಎಷ್ಟೊತ್ತಿಗೆ ಬರುತ್ತೆ ಅಂತ ಇನ್ನೊಬ್ಬರನ್ನ ಕೇಳೋದಾ? ಈ ಮನೇಲಿ? ನಾನು ಬದುಕಿರುವಾಗ?” ಎಂದು ಭೂಗೋಳದ ಮೇಷ್ಟ್ರು ಗುಡುಗಿದರು. ಇಪ್ಪತ್ತೆರಡು ವರ್ಷದಿಂದ ಏಳನೇ ತರಗತಿಗೆ ಇಡೀ ಪ್ರಪಂಚವನ್ನೇ ಅರೆದು ಕುಡಿಸಿದ ಮಹಾನುಭಾವರು!

ಆದದ್ದಿಷ್ಟೇ. ಹೆಂಡತಿಯ ಅಕ್ಕ ಹನ್ನೊಂದು ವರ್ಷದ ಮೇಲೆ ದೂರದ ಪರದೇಶದಿಂದ ಬರುತ್ತಿದ್ದಳು. ಬರುವುದೇನು, ಇಲ್ಲಿಳಿದು ಇನ್ನೊಂದು ವಿಮಾನ ಹತ್ತುವುದರೊಳಗೆ ಸಿಗುವುದು ನಾಲ್ಕೇ ಗಂಟೆ. ಸಂಜೆ ಆರಕ್ಕೆ ಫೋನ್ ಮಾಡಿ, “ತಡವಾಯ್ತು, ಈಗ ಹೊರಡ್ತಿದೀವಿ” ಎಂದಳು. ತಲುಪುವುದು ಎಷ್ಟಕ್ಕೆ ಎಂದು ಕೇಳುವಷ್ಟರಲ್ಲಿ ಲೈನು ಕಟ್ಟಾಯಿತು.

“ಫೋನಲ್ಲೇ ನೋಡಿದ್ರೆ ಆಯ್ತಲ್ಲ,” ಎಂದಳು ಹೆಂಡತಿ. ಆಕೆ ದರ್ಜಿ, ನಡುಮನೆಯ ಅರ್ಧ ಆಕೆಯ ಹೊಲಿಗೆ ಯಂತ್ರದ್ದು.

“ಅದು ಕಾಪಿ ಹೊಡೆದ ಹಾಗೆ!” ಮೇಷ್ಟ್ರು ಫೋನನ್ನು ಜೇಬಿಗಿಳಿಸಿದರು. ಹೆಂಡತಿಯ ದಾರದುಂಡೆಯನ್ನು ಕಸಿದು, ಗೋಡೆಯ ನಕ್ಷೆಯ ಮೇಲೆ ಅಕ್ಕನ ಊರಿಂದ ತಮ್ಮೂರಿಗೆ ನೇರವಾಗಿ ದಾರ ಎಳೆದರು. ಹದಿನೈದು ಸಾವಿರದ ಮುನ್ನೂರು ಕಿಲೋಮೀಟರ್! ಗಂಟೆಗೆ ಒಂಬೈನೂರರಂತೆ ಹದಿನೇಳು ಗಂಟೆ! “ನಾಳೆ ಬೆಳಿಗ್ಗೆ ಹನ್ನೊಂದಕ್ಕೆ. ಬರೆದಿಟ್ಟುಕೋ!”

“ಹಾಗಾದ್ರೆ ನಾನೂ ಪರೀಕ್ಷೆ ಬರೀತೀನಿ,” ಎಂದ ಹೆಂಡತಿ ಕಪಾಟಿನ ಮೇಲಿದ್ದ ಗ್ಲೋಬನ್ನು ಇಳಿಸಿ, ಧೂಳು ಕೊಡವಿ, ಗಿರಾಕಿಯನ್ನು ನಿಲ್ಲಿಸಿಕೊಂಡಂತೆ ಎದುರಿಗಿಟ್ಟುಕೊಂಡಳು. ಟೇಪು ಸುತ್ತಿದಳು. “ಸೊಂಟ ನೂರು ಸೆಂಟಿಮೀಟರ್. ಭೂಮಿ ಸುತ್ತಳತೆ ನಲವತ್ತು ಸಾವಿರ ಅಂತ ನೀವೇ ನೂರು ಸಲ ಹೇಳಿದೀರಿ. ಅಂದ್ರೆ ಒಂದು ಸೆಂಟಿಮೀಟರಿಗೆ ನಾನೂರು ಕಿಲೋಮೀಟರ್.” ಆಮೇಲೆ ಅಕ್ಕನ ಊರಿಂದ ಹಿಡಿದ ಟೇಪು ಉತ್ತರದ ಹಿಮದ ನಾಡುಗಳ ಮೇಲೆ ಹಾದು ತಮ್ಮೂರಿಗೆ ಬಂತು. “ಮೂವತ್ತೊಂದೂವರೆ. ಹನ್ನೆರಡು ಸಾವಿರದ ಆರುನೂರು, ಹದಿನಾಲ್ಕೇ ಗಂಟೆ. ಅಕ್ಕ ಎಂಟಕ್ಕೇ ಬರ್ತಾಳೆ!”

“ವಿಮಾನ ಏನು ರವಿಕೆಯೇನೇ?”

“ಗುಂಡಗಿರೋ ಮೈಯ ಅಳತೇನ ಗೋಡೆ ಮೇಲೆ ತೆಗೀತಾರೇನ್ರೀ?”

ಮೇಷ್ಟ್ರು ಸೋಲುವ ಆಸಾಮಿಯೇ? ಬೆಳಿಗ್ಗೆ ಆರೂವರೆಗೆ ಅವಳು ಬಸ್ಸು ಹಿಡಿದಳು. “ಹೋಗು, ಮೂರು ಗಂಟೆ ನೊಣ ಹೊಡಿ!” ಎಂದು ಇವರು ಬಾಗಿಲಲ್ಲೇ ಬೀಳ್ಕೊಟ್ಟರು. ನಿಧಾನವಾಗಿ ಗಡ್ಡ ಹೆರೆದು, ಕೋಟಿಗೆ ಇಸ್ತ್ರಿ ಹಾಕಿ, ಹೂಗುಚ್ಛ ಹಿಡಿದು, ಹನ್ನೊಂದಕ್ಕೆ ಸರಿಯಾಗಿ ನಿಲ್ದಾಣದಲ್ಲಿ ಪ್ರತ್ಯಕ್ಷರಾದರು.

ಅಕ್ಕ ಆಗಲೇ ಚೀಲ ಹೆಗಲಿಗೇರಿಸಿ ಒಳಗೆ ಹೋಗಲು ಎದ್ದು ನಿಂತಿದ್ದಳು. ಇಬ್ಬರ ಕಣ್ಣೂ ಅತ್ತು ಕೆಂಪಾಗಿದ್ದವು, ಮುಖದ ತುಂಬ ನಗು. ಮೂರು ಗಂಟೆಯಲ್ಲಿ ಹನ್ನೊಂದು ವರ್ಷದ ಮಾತು ಮುಗಿಸಿದ್ದರು! ತನ್ನ ಮಾತು ಕೇಳಿದ್ದರೆ ಇವಳಿಗೆ ಸಿಗುತ್ತಿದ್ದುದು ಅಕ್ಕನ ಬೆನ್ನಷ್ಟೇ ಎಂದು ಹೊಳೆದು ಮೇಷ್ಟ್ರಿಗೆ ನಾಚಿಕೆಯಾಯಿತು. ಒಂದು ಟೇಪಿನಲ್ಲಿ ಭೂಮಂಡಲ ಅಳೆದ ಹೆಂಗಸು ತನ್ನ ಮನೆಯಲ್ಲೇ ಇದ್ದಾಳೆಂದು ಹೆಮ್ಮೆಯೂ ಆಯಿತು. ಹೂಗುಚ್ಛವನ್ನು ಅಕ್ಕನಿಗೆ ಕೊಡಲು ಹೋದವರು ತಿರುಗಿ ಹೆಂಡತಿಯ ಕೈಗೇ ಇಟ್ಟರು.

ಅಕ್ಕ ನಕ್ಕಳು. “ಏನ್ರೀ ಮೇಷ್ಟ್ರೇ, ಭೂಮಿ ಗುಂಡಗಿದೆ ಅಂತ ಮಕ್ಕಳಿಗೆ ಹೇಳಿಕೊಡಲ್ವಾ?”

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಹೆಂಡತಿ ಹೂವಿನ ಮರೆಯಿಂದ ಹೇಳಿದಳು:

“ಚೆನ್ನಾಗೇ ಹೇಳಿಕೊಡ್ತಾರೆ ಅಕ್ಕಾ. ಪಾಪ, ಇವರೊಬ್ಬರೇ ಆ ಕ್ಲಾಸಿಗೆ ಚಕ್ಕರ್ ಹೊಡೆದಿದ್ದು!”