ಕಡ ಕೊಡುವ ಸ್ಕ್ರೂಡ್ರೈವರ್

ಅಗ್ಗದ ಸಾಮಾನಿನ ಬಗ್ಗೆ ಎಲ್ಲರೂ ಒಂದೇ ರಾಗ ಹಾಡುತ್ತಾರೆ. ಬಾಳಿಕೆ ಬರುವುದಿಲ್ಲವಂತೆ, ಕೈಗೆ ಚುಚ್ಚುತ್ತದಂತೆ, ಹತ್ತು ಸಲ ಕೆಟ್ಟದ್ದನ್ನು ಕೊಳ್ಳುವ ಬದಲು ಒಂದೇ ಸಲ ಒಳ್ಳೆಯದನ್ನು ಕೊಳ್ಳಬೇಕಂತೆ. ಹೀಗೆ ಉಪದೇಶ ಮಾಡುವವರು ತಮ್ಮ ಸಾಮಾನನ್ನು ನೆರೆಯವರಿಗೆ ಒಮ್ಮೆಯೂ ಕಡ ಕೊಟ್ಟವರಲ್ಲ ಎಂದು ನನ್ನ ಅಂದಾಜು. ಡಿಸ್ಕೌಂಟಿನಲ್ಲಿ ಸಿಗುವ ಸ್ಕ್ರೂಡ್ರೈವರ್, ಪಕ್ಕಡ್, ಸುತ್ತಿಗೆಗಳು ಕೆಲಸ ಮಾಡಲಿಕ್ಕೆಂದು ಹುಟ್ಟಿದವೇ ಅಲ್ಲ. ಅವು ಹುಟ್ಟಿದ್ದು ಪಕ್ಕದ ಮನೆಗೆ ಹೋಗಲಿಕ್ಕೆ. ಈ ಸತ್ಯವನ್ನು ನಾನು ಬಹಳ ವರ್ಷಗಳ ಹಿಂದೆಯೇ ಕಂಡುಕೊಂಡು, ಅದರ ಮೇಲೆ ಒಂದು ಹೌಸ್‌ಹೋಲ್ಡ್ ಪಾಲಿಸಿಯನ್ನೇ ಕಟ್ಟಿದ್ದೆ. ಆ ಪಾಲಿಸಿ ಹೋದ ತಿಂಗಳು ಹೊನ್ನಾವರದ ನಮ್ಮ ಮನೆಯ ಬಚ್ಚಲಿನಲ್ಲಿ ಹೇಗೆ ತೀರಿಕೊಂಡಿತು ಎಂಬುದನ್ನು ಫ್ರಾಂಕ್ ಆಗಿ ಬರೆಯುತ್ತಿದ್ದೇನೆ. ನನ್ನ ವಯಸ್ಸಿನಲ್ಲಿ ಕನ್ಫೆಷನ್ ಮಾಡುವುದು ಕಷ್ಟವಲ್ಲ. ದೊಡ್ಡ ಪಾಪ ಮಾಡುವ ಶಕ್ತಿ ಹೋಗಿರುತ್ತದೆ, ಉಳಿದಿರುವುದೆಲ್ಲ ಚಿಲ್ಲರೆ.

ಪಾಲಿಸಿಯ ಬೀಜ ಬಿತ್ತಿದವರು ನಮ್ಮ ಕಾನ್ವೆಂಟಿನ ನೀಡ್ಲ್‌ವರ್ಕ್ ಸಿಸ್ಟರ್. ಅವರ ಸೊಂಟದಲ್ಲಿ ಕಪ್ಪು ಲಾಡಿಗೆ ಕಟ್ಟಿದ ಒಂದು ಕತ್ತರಿ ನೇತಾಡುತ್ತಿತ್ತು. ಅದನ್ನು ನಾವು ಯಾರೂ ಮುಟ್ಟುವ ಹಾಗಿರಲಿಲ್ಲ. ನಮಗೆಂದು ಡಬ್ಬಿ ತುಂಬ ಬೇರೆ ಕತ್ತರಿಗಳಿದ್ದವು. ಅವು ಬಟ್ಟೆಯನ್ನು ಕತ್ತರಿಸುತ್ತಿರಲಿಲ್ಲ, ಜಗಿಯುತ್ತಿದ್ದವು. "ಗರ್ಲ್ಸ್, ಕಳೆದುಹೋದರೆ ಅಳು ಬರುವಂಥದ್ದನ್ನು ಇನ್ನೊಬ್ಬರ ಕೈಗೆ ಕೊಡಬೇಡಿ" ಎಂದು ಸಿಸ್ಟರ್ ಮೆತ್ತಗೆ ಹೇಳುತ್ತಿದ್ದರು. ನಮಗೆಲ್ಲ ಆಗ ಹದಿನಾರರ ವಯಸ್ಸು, ಅವರು ಹೇಳಿದ್ದು ಹೃದಯದ ವಿಷಯವೇ ಇದ್ದೀತು. ನಾನು ಮಾತ್ರ ಕತ್ತರಿ ಎಂದೇ ಮನಸ್ಸಿನಲ್ಲಿ ಬರೆದುಕೊಂಡೆ. ಹಾಗಾಗಿ ಮುಂದೆ ಹೃದಯವನ್ನು ಸರಕಾರಿ ವರ್ಕ್‌ಶಾಪಿನ ಒಬ್ಬ ಓವರ್ಸಿಯರಿಗೆ ಹಿಂದೆಮುಂದೆ ನೋಡದೆ ಕೊಟ್ಟುಬಿಟ್ಟೆ. ಕತ್ತರಿಯನ್ನು ಮಾತ್ರ ಇವತ್ತಿಗೂ ಯಾರಿಗೂ ಕೊಟ್ಟವಳಲ್ಲ.

ಆ ಓವರ್ಸಿಯರ್, ಅಂದರೆ ನನ್ನ ಯಜಮಾನರು, ಮದುವೆಗೆ ತಂದ ಆಸ್ತಿ ಒಂದು ಕ್ಯಾನ್ವಾಸ್ ಸುರುಳಿ. ಕಾರವಾರಕ್ಕೆ ಬಂದಿದ್ದ ಯಾವುದೋ ಹಡಗಿನ ಇಂಜಿನಿಯರ್ ಅವರಿಗೆ ಕೊಟ್ಟಿದ್ದಂತೆ. ಬಿಚ್ಚಿದರೆ ಒಂದೊಂದು ಜೇಬಿನಲ್ಲಿ ಒಂದೊಂದು ಸ್ಕ್ರೂಡ್ರೈವರ್, ಪಾನಾ, ಪಕ್ಕಡ್, ಡಾರ್ಮಿಟರಿಯಲ್ಲಿ ಮಲಗಿದ ಹುಡುಗಿಯರ ಹಾಗೆ ಸಾಲಾಗಿ. ಪ್ರತಿ ಭಾನುವಾರ ಅವಕ್ಕೆ ಕೊಬ್ಬರಿ ಎಣ್ಣೆ ಒರೆಸುತ್ತಿದ್ದರು. ನಲವತ್ತು ವರ್ಷದ ಸಂಸಾರದಲ್ಲಿ ನನ್ನ ತಲೆಗೆ ಒಮ್ಮೆಯಾದರೂ ಎಣ್ಣೆ ಹಚ್ಚುತ್ತೇನೆ ಎಂದ ಮನುಷ್ಯನಲ್ಲ. ಆದರೆ ಕೇಳಿದವರಿಗೆ ಇಲ್ಲ ಎನ್ನಲು ಬಾರದು. ಒಮ್ಮೆ ಕೇರಿಯ ಯಾರೋ ಒಯ್ದ ಪಕ್ಕಡ್ ದೋಣಿ ಹತ್ತಿ ಸಮುದ್ರಕ್ಕೆ ಹೋಗಿ, ವಾರ ಕಳೆದು ಕೆಂಪಗೆ ತುಕ್ಕು ಹಿಡಿದು ಬಂತು. ಇವರು ಎರಡು ದಿನ ಜಗಲಿಯಲ್ಲಿ ಕುಳಿತು ಸೀಮೆಎಣ್ಣೆಯಲ್ಲಿ ಉಜ್ಜಿದರು. ಮೂರನೆಯ ದಿನ ನಾನು ಸುರುಳಿಯನ್ನು ಎತ್ತಿ ಹಳೆಯ ದೊಡ್ಡ ಬಿಸ್ಕಿಟ್ ಡಬ್ಬಕ್ಕೆ ಹಾಕಿ, ಮೇಲೆ 'ಓಲ್ಡ್ ಲೆಟರ್ಸ್, ಪ್ರೈವೇಟ್' ಎಂದು ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟೆ. "ಇನ್ನು ಮೇಲೆ ಕಡ ಕೊಡುವ ಡಿಪಾರ್ಟ್‌ಮೆಂಟ್ ನನ್ನದು" ಎಂದೆ. "ಆಯ್ತು ಮಹಾರಾಯ್ತಿ" ಎಂದರು. ಅಷ್ಟು ಬೇಗ ಒಪ್ಪಿದಾಗಲೇ ನಾನು ಸಂಶಯಪಡಬೇಕಿತ್ತು.

ಕಡ ಕೊಡುವ ಸೆಟ್ಟನ್ನು ಕೊಳ್ಳಲು ಭಟ್ಕಳಕ್ಕೆ ಹೋದೆ. ನಮ್ಮ ಕಾಲದಲ್ಲಿ ಭಟ್ಕಳ ಎಂದರೆ ಫಾರಿನ್. ಕುಮಟಾ, ಹೊನ್ನಾವರದ ಹೆಂಗಸರು ಬಸ್ಸು ಹತ್ತಿ ಹೋಗಿ ಅತ್ತರು, ಸಾಬೂನು, ಟಾರ್ಚು ತರುತ್ತಿದ್ದೆವು. ಬರುವಾಗ ಮಂಕಿ ಊರು ದಾಟುವವರೆಗೂ ಚೀಲಕ್ಕೆ ಮೂಗಿಟ್ಟು ವಾಸನೆ ನೋಡುತ್ತಿದ್ದೆವು. ಈಗ ಅದೇ ಬೀದಿಯಲ್ಲಿ ಆಫರ್ ಸಾಮಾನಿನ ಗುಡ್ಡೆಗಳೂ ಇವೆ. ನನ್ನ ಪರಿಚಯದ ಅಂಗಡಿಯ ನವಾಯತ ಮುಸ್ಲಿಂ ಹಿರಿಯರು ತುಂಬ ಪ್ರಾಮಾಣಿಕರು. ನಾನು ಆರಿಸಿದ ಡಬ್ಬಿ ನೋಡಿ ಅವರ ಮುಖ ಸಣ್ಣದಾಯಿತು. "ಬಾಯಿ, ಅದು ಬೇಡ. ಎರಡು ದಿನದ ಮಾಲು ಅದು. ಒಳ್ಳೇದು ಒಳಗಿದೆ, ತರ್ತೇನೆ" ಎಂದರು.

"ಒಳ್ಳೇದು ಬೇಡ. ಇದಕ್ಕಿಂತ ಸ್ವಲ್ಪ ಕೆಟ್ಟದ್ದಿದ್ದರೂ ಆಗ್ತದೆ" ಎಂದೆ.

ಅವರು ಕನ್ನಡಕ ತೆಗೆದರು. "ಅಂಗಡಿ ಇಟ್ಟಾಗಿಂದ ಕೆಟ್ಟದ್ದು ಕೊಡಿ ಅಂತ ಕೇಳಿದ ಗಿರಾಕಿ ನೀವೊಬ್ರೇ. ಎಂತಕ್ಕೆ ಇದು?"

"ಬೇರೆಯವರಿಗೆ ಕೊಡಲಿಕ್ಕೆ."

"ಯಾರು ಬಾಯಿ, ಆ ದುಶ್ಮನ್?"

ಡಬ್ಬಿಯ ಮೇಲೆ 'ಸ್ಕ್ರೂ ಡೈವರ್' ಎಂದು ಅಚ್ಚಾಗಿತ್ತು. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ಕೈ, ಕೆಂಪು ಪೆನ್ನಿಗೆ ತಡಕಾಡಿತು. ಆಮೇಲೆ ಯೋಚಿಸಿದರೆ ತಪ್ಪೇನೂ ಇರಲಿಲ್ಲ, ಮುಳುಗುವುದಂತೂ ಗ್ಯಾರಂಟಿ. ಲೈಫ್‌ಟೈಮ್ ವಾರಂಟಿ ಎಂದೂ ಇತ್ತು. ಸ್ಕ್ರೂಡ್ರೈವರಿನ ಲೈಫ್ ಎಂದು ಹಿಡಿದರೆ ಅದೂ ಸುಳ್ಳಲ್ಲ. ಅಲ್ಲಿಂದ ಮುಂದೆ ವರ್ಷಕ್ಕೆರಡು ಸಲ, ಕಣ್ಣಿನ ಡಾಕ್ಟರನ್ನು ನೋಡುವ ನೆಪದಲ್ಲಿ ಹೋಗಿ ಸ್ಟಾಕ್ ತುಂಬಿಸಿಕೊಂಡು ಬರತೊಡಗಿದೆ. ಒಂದು ಸಲ ಸೆಟ್ಟಿನ ಜೊತೆ ಬಾಗಿಲಿನ ಚಿಲಕವೊಂದು ಫ್ರೀ ಬಂತು. ಅದನ್ನು ನೆನಪಿಟ್ಟುಕೊಳ್ಳಿ.

ಕಡ ಕೇಳಲು ಬರುವವರಲ್ಲಿ ಮೊದಲನೆಯವಳು ಪಕ್ಕದ ಮನೆಯ ಮಾದೇವಿ. ಗಂಡ ಬೋಟಿಗೆ ಹೋಗುತ್ತಾನೆ, ಇವಳು ಮೀನು ಮಾರುತ್ತಾಳೆ, ಅಂಗಳದಲ್ಲಿ ಒಣಮೀನು ಹರಡುತ್ತಾಳೆ. "ಅಕ್ಕೋರೆ, ಸ್ಕ್ರೂ ತಿರ್ಗ್ಸೂದು ಒಂದ್ ಕೊಡ್ರಾ, ಮಿಕ್ಸರಿನ ಕಾಲು ಅಲ್ಗಾಡ್ತದೆ" ಎಂದು ಬಂದರೆ ನಾನು ನಗುನಗುತ್ತಾ 'ಡೈವರ್' ಕೊಡುತ್ತಿದ್ದೆ. ಕೊಡುವಾಗ "ಇರುವುದು ಇದೊಂದೇ, ಜೋಪಾನ" ಎಂದು ಸೇರಿಸುತ್ತಿದ್ದೆ. ಯಜಮಾನರಿದ್ದಷ್ಟು ಕಾಲ ಅವಳು ಒಯ್ದ ಸಾಮಾನು ಹೆಚ್ಚು ಮುರಿಯದೆ ವಾಪಸು ಬರುತ್ತಿತ್ತು. ಅವರು ತೀರಿಕೊಂಡ ಮೇಲೆ ಅದೇನೋ ಮಾದೇವಿಯ ಕೈ ಜೋರಾಯಿತು. ಒಂದು ಸೊಟ್ಟಗಾಗಿ ಬಂತು, ಇನ್ನೊಂದು ಹಿಡಿಕೆ ಬೇರೆ ಕಡ್ಡಿ ಬೇರೆಯಾಗಿ ಬಂತು. ಕುಮಟಾದ ಸೇಲಿನಲ್ಲಿ ತಂದ ಸುತ್ತಿಗೆಯಿಂದ ಅವಳು ಮಂಜುಗಡ್ಡೆ ಒಡೆಯುವಾಗ ತಲೆ ಹಾರಿ ನೇರ ಬಾವಿಗೆ ಬಿತ್ತು.

ಇಲ್ಲಿ ನನ್ನ ನಿಜವಾದ ಪಾಪ ಬರುತ್ತದೆ. ಸಾಮಾನು ಮುರಿದಾಗಲೆಲ್ಲ ನಾನು ಮಾದೇವಿಗೆ ಲೆಕ್ಚರ್ ಕೊಡುತ್ತಿದ್ದೆ. ಕೇರ್‌ಲೆಸ್‌ನೆಸ್ ಎಂದರೇನು, ರೆಸ್ಪಾನ್ಸಿಬಿಲಿಟಿ ಎಂದರೇನು, ಪರರ ವಸ್ತುವನ್ನು ಹೇಗೆ ಕಾಣಬೇಕು, ಎಲ್ಲ ಪಾಯಿಂಟ್ ಪ್ರಕಾರ. ಅವಳು ಸೆರಗಿನ ತುದಿ ತಿರುಚುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಮರುದಿನ ಬೆಳಿಗ್ಗೆ ತಪ್ಪುಕಾಣಿಕೆಯ ಹಾಗೆ ಒಂದು ಪಾತ್ರೆ ಬಂಗಡೆ ಮೀನೋ ಶೆಟ್ಲಿ ಸಿಗಡಿಯೋ ಬರುತ್ತಿತ್ತು. ಸುತ್ತಿಗೆಯ ತಲೆಗೆ ಇಸ್ವಾಣ ಮೀನಿನ ನಾಲ್ಕು ದಪ್ಪ ಹೋಳು ಬಂದಿದ್ದವು. ಎರಡು ದಿನದ ಮಾಲನ್ನು ಕೊಟ್ಟು, ಮೂರನೆಯ ದಿನ ಅದಕ್ಕೆ ದಂಡವಾಗಿ ಮೀನು ತಿನ್ನುವ ನನ್ನಂಥ ಹೆಂಗಸಿಗೆ ಸಿಸ್ಟರ್ ಯಾವ ಗ್ರೇಡ್ ಕೊಡುತ್ತಿದ್ದರೋ. ಹುರಿದ ಇಸ್ವಾಣದ ಮುಂದೆ ಕಾನ್ಷೆನ್ಸ್ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ, ಅದು ನನ್ನ ಅನುಭವ.

ಹೋದ ತಿಂಗಳು ಒಂದು ಮಧ್ಯಾಹ್ನ ಸ್ನಾನಕ್ಕೆಂದು ಬಚ್ಚಲಿಗೆ ಹೋದೆ. ಅಲ್ಲಿನ ಹಳೆಯ ಚಿಲಕವನ್ನು ಉಪ್ಪುಗಾಳಿ ತಿಂದುಹಾಕಿದ್ದರಿಂದ ಆ ಫ್ರೀ ಚಿಲಕವನ್ನು ಜಡಿಸಿದ್ದೆ. ಕಡ ಕೊಡಲು ಮಾತ್ರ ಕಳಪೆ ಎಂಬುದು ನನ್ನ ಪಾಲಿಸಿ, ಆದರೆ ಕಳಪೆಗೆ ಮನೆಯೊಳಗೆ ಜಾಗ ಕೊಟ್ಟರೆ ಅದು ನಡುಮನೆಗೂ ಬರುತ್ತದೆ, ಬಚ್ಚಲಿಗೂ ಬರುತ್ತದೆ. ಸ್ನಾನ ಮುಗಿಸಿ ಚಿಲಕ ಎಳೆದರೆ ಅದರ ಗುಬಟು ಮಾಗಿದ ಬೋರೆಹಣ್ಣಿನ ಹಾಗೆ ಕಳಚಿ ಕೈಗೆ ಬಂತು. ಸರಳು ಇದ್ದಲ್ಲೇ ಇತ್ತು. ನಾನು ಒಳಗೆ, ಸೀರೆ ಹೊರಗೆ ಕುರ್ಚಿಯ ಮೇಲೆ. ಎದೆಯವರೆಗೆ ಲಂಗ ಕಟ್ಟಿಕೊಂಡು, ಹಿಂದೆ ಕಾನ್ವೆಂಟಿನ ಕಾಯರ್‌ನಲ್ಲಿ ಹಾಡುತ್ತಿದ್ದ ಗಂಟಲನ್ನು ಹುಡುಕಿ ತೆಗೆದು ಮಾದೇವಿಯನ್ನು ಕೂಗಿದೆ.

ಅವಳು ಮೀನಿನ ಕ್ರೇಟ್ ಮೇಲೆ ಹತ್ತಿ ವೆಂಟಿಲೇಟರಿನಲ್ಲಿ ಮುಖ ತೋರಿಸಿದಳು. "ಎಂತ ಆತು ಅಕ್ಕೋರೆ?"

ಹೇಳಿದೆ. ಅವಳು ಮೊದಲು ಸೀರೆ ತಂದು ಒಳಗೆ ಬಿಟ್ಟಳು. ಅದು ನೇರ ಬಕೆಟ್ಟಿಗೆ ಬಿತ್ತು.

"ಬಾಗ್ಲು ಒಡೂದಾ? ಆಟೋ ಸ್ಟ್ಯಾಂಡಿಂದ ನಾಲ್ಕು ಜನ ಕರೀತೆ."

ಆ ಸ್ಟ್ಯಾಂಡಿನಲ್ಲಿರುವ ನಾಲ್ವರಲ್ಲಿ ಮೂವರು ನನ್ನ ಹಳೆಯ ವಿದ್ಯಾರ್ಥಿಗಳು. ತಲೆಬಾಚದೆ ಬಂದರೆ ಕ್ಲಾಸಿನಿಂದ ಹೊರಗೆ ನಿಲ್ಲಿಸಿದ್ದೇನೆ ಅವರನ್ನು. "ಬೇಡವೇ ಬೇಡ" ಎಂದೆ. "ಚಿಲಕದ ಸ್ಕ್ರೂಗಳು ನನ್ನ ಕಡೆಗೇ ಇವೆ. ಸ್ಕ್ರೂಡ್ರೈವರ್ ಸಿಕ್ಕರೆ ನಾನೇ ಬಿಚ್ಚಿಕೊಳ್ತೇನೆ."

"ನೀವು ಕೊಟ್ಟದ್ರಲ್ಲಿ ವಾಪಸ್ ತರದ್ದು ಮೂರು ನನ್ನ ಹತ್ರನೇ ಅವೆ, ತಕಣಿ" ಎಂದು ಓಡಿಹೋಗಿ ತಂದು ಒಂದೊಂದಾಗಿ ಇಳಿಸಿದಳು.

ಅಷ್ಟು ವರ್ಷ ಬೇರೆಯವರಿಗೆ ಕೊಟ್ಟ ಸಾಮಾನನ್ನು ನಾನು ಉಪಯೋಗಿಸಿದ್ದು ಅದೇ ಮೊದಲು. ಒಂದನೆಯದರ ತುದಿ ಸ್ಕ್ರೂ ಮುಟ್ಟಿದ ಕೂಡಲೇ ಮೇಣದ ಹಾಗೆ ಮಡಚಿಕೊಂಡಿತು. ಎರಡನೆಯದರ ಹಿಡಿಕೆ ನನ್ನ ಕೈಯಲ್ಲಿ ಗಿರಗಿರ ತಿರುಗಿತು, ಕಡ್ಡಿ ಮಾತ್ರ ಕದಲಲಿಲ್ಲ. ಮೂರನೆಯದು ಬಿಲ್ಲಿನ ಹಾಗೆ ಬಾಗಿ, ಪುಟಿದು, ಕಮೋಡಿನೊಳಗೆ ಡೈವ್ ಹೊಡೆಯಿತು. ಹೆಸರಿಗೆ ತಕ್ಕ ಸಾಮಾನು ಅದೊಂದೇ.

"ಅಕ್ಕೋರೆ, ಮೆಲ್ಲಗೆ ತಿರ್ಗ್ಸಿ. ಪರರ ವಸ್ತು ಅಂತ ತಿಳ್ಕಣಿ" ಎಂದು ಮೇಲಿನಿಂದ ಧ್ವನಿ ಬಂತು. ಅದು ನನ್ನದೇ ಲೆಕ್ಚರಿನ ಮೂರನೆಯ ಪಾಯಿಂಟ್.

ನಾನು ಬಕೆಟ್ ಬೋರಲು ಹಾಕಿ ಕುಳಿತೆ. ಕಪಾಟಿನ ಬಿಸ್ಕಿಟ್ ಡಬ್ಬದ ಹೆಸರು ಹೇಳಿದರೆ ಐದು ನಿಮಿಷದಲ್ಲಿ ಹೊರಗೆ ಬರಬಹುದಿತ್ತು. ಹೇಳಿದರೆ, ಇರುವುದು ಇದೊಂದೇ ಎಂದು ಅಷ್ಟೂ ವರ್ಷ ಹೇಳಿದ್ದು ಸುಳ್ಳು ಎಂದಾಗುತ್ತದೆ. ತಿಂದ ಬಂಗಡೆಗಳೆಲ್ಲ ಎದ್ದು ಸಾಕ್ಷಿಗೆ ನಿಲ್ಲುತ್ತವೆ. ಹೇಳದಿದ್ದರೆ ಆಟೋ ಸ್ಟ್ಯಾಂಡ್. ಒಂದು ಕಡೆ ಮಾನ, ಇನ್ನೊಂದು ಕಡೆ ಒದ್ದೆ ಲಂಗ. ಹೊರಗೆ ಮಾದೇವಿಯೂ ಕ್ರೇಟ್ ಇಳಿಯದೆ ನಿಂತಿದ್ದಳು, ನನ್ನ ಉತ್ತರವನ್ನು ಕಾಯುತ್ತಿರುವ ಹಾಗೆ.

"ಮಾದೇವಿ," ಎಂದೆ ಕೊನೆಗೆ, "ನಡುಮನೆಯ ಕಪಾಟಿನಲ್ಲಿ ಹಳೇ ಕಾಗದದ ಒಂದು..."

"ಬಿಸ್ಕಿಟ್ ಡಬ್ಬದ್ದು ಅಲ್ದಾ? ಅದ ನಿಮ್ಮ ಬಾಯಲ್ಲೇ ಬರ್ಲಿ ಅಂತ ನಿಂತಿದ್ದೆ" ಎಂದು ಅವಳು ಕ್ರೇಟ್ ಇಳಿದಳು.

ಸುರುಳಿ ಬಂತು. ಸರಿಯಾದ ಜೇಬಿನ ಸ್ಕ್ರೂಡ್ರೈವರನ್ನೇ ಆರಿಸಿ ಇಳಿಸಿದಳು. ಅದನ್ನು ಹಿಡಿದಾಗ ಯಜಮಾನರ ಅಂಗೈ ಹಿಡಿದಂತಾಯಿತು ಎಂದು ಬರೆದರೆ ಸೆಂಟಿಮೆಂಟಲ್ ಎನ್ನುತ್ತೀರಿ, ಬರೆಯುವುದಿಲ್ಲ. ನಾಲ್ಕು ಸ್ಕ್ರೂ, ನಾಲ್ಕು ನಿಮಿಷ. ಒದ್ದೆ ಸೀರೆ ಸುತ್ತಿಕೊಂಡು ಹೊರಗೆ ಬಂದು ಮೊದಲು ಕೇಳಿದ್ದು, "ನಿನಗೆ ಹೇಗೆ ಗೊತ್ತು?"

"ಸಾಹೇಬ್ರು ಇರೂವಾಗ ನೀವು ಎದ್ರು ಬಾಗ್ಲಲ್ಲಿ ಅದ ಕೊಡ್ತಿದ್ರಿ, ಅವ್ರು ಡಬ್ಬ ತೆಗ್ದು ಹಿಂದಿನ ಗೋಡೆ ಮೇಲಿಂದ ಇದ ಕೊಡ್ತಿದ್ರು. ನಿಮ್ದು ಹಾಂಗೇ ಇಟ್ಟು ವಾಪಸ್ ತರ್ತಿದ್ದೆ. ಅಕ್ಕೋರಿಗೆ ಹೇಳ್ಬೇಡ ಅಂದಿದ್ರು. ಹೇಳ್ಲಿಲ್ಲ."

ಸಂಶಯಪಡಬೇಕಿತ್ತು ಎಂದೆನಲ್ಲ. ಆ ಮನುಷ್ಯ ನಲವತ್ತು ವರ್ಷದಲ್ಲಿ ನನ್ನಿಂದ ಮುಚ್ಚಿಟ್ಟದ್ದು ಇದೊಂದೇ, ಅದನ್ನೂ ಮೀನಿನವಳ ಹತ್ತಿರ ಇಟ್ಟು ಹೋಗಿದ್ದರು. "ಹಾಗಾದರೆ ಅವರು ಹೋದ ಮೇಲೂ ಯಾಕೆ ಬಂದು ಆ ಕಸವನ್ನು ಒಯ್ಯುತ್ತಿದ್ದೆ? ನಿಮ್ಮ ಬೋಟಿನಲ್ಲಿ ಒಳ್ಳೆಯವು ಇರಬೇಕಲ್ಲ."

"ಇರ್ತವೆ. ಸಾಹೇಬ್ರು ಹೋದ್ಮೇಲೆ ನೀವು ಯಾರ ಹತ್ರನೂ ಮಾತೇ ಆಡೂದಿಲ್ಲ. ಸಾಮಾನು ಮುರದ್ರೆ ಮಾತ್ರ ಅರ್ಧ ತಾಸು ಮಾತಾಡ್ತ್ರಿ, ಅದೂ ಇಂಗ್ಲಿಷ್ ಸೇರ್ಸಿ" ಎಂದಳು ಮಾದೇವಿ. ಆಮೇಲೆ ಸೆರಗಿನ ತುದಿ ತಿರುಚುತ್ತಾ, "ಒಂದೆರಡು ಸಲ ನಾನೇ ಬೇಕಂತ ಜೋರು ತಿರ್ಗ್ಸಿದ್ದೆ" ಎಂದಳು.

ಅವತ್ತೇ ಅವಳ ಕೈಗೆ ಒಳ್ಳೆಯ ಸ್ಕ್ರೂಡ್ರೈವರ್ ಕೊಟ್ಟು, ಮಿಕ್ಸರಿನ ಕಾಲು ಬಿಗಿ ಮಾಡಿಕೋ ಎಂದೆ. ಕೊಡುವಾಗ "ಇರುವುದು ಇದೊಂದೇ" ಎಂಬ ಮಾತು ಅಭ್ಯಾಸಬಲದಿಂದ ಹೊರಟಿತು. ಸುರುಳಿಯಲ್ಲಿ ಆ ಅಳತೆಯದು ಬೇರೆ ಇರಲಿಲ್ಲ, ಮೊದಲ ಸಲ ಆ ಮಾತು ನಿಜವಾಗಿತ್ತು. ಮರುದಿನ ಬೆಳಿಗ್ಗೆ ಮಾದೇವಿ ಅದನ್ನು ವಾಪಸು ತಂದಳು, ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿ, ಹೊಳೆಯುತ್ತಿತ್ತು. ನಾನು ಅದನ್ನು ತೆಗೆದುಕೊಂಡು, ಅವಳ ಇನ್ನೊಂದು ಕೈಯ ಕಡೆಗೆ ನೋಡಿದೆ. ಆಮೇಲೆ ಅವಳ ಹಿಂದೆ ಮೆಟ್ಟಿಲ ಮೇಲೆ ನೋಡಿದೆ.

"ಎಂತ ಹುಡುಕ್ತ್ರಿ?" ಎಂದಳು. ಅವಳಿಗೇ ಹೊಳೆಯಿತು. "ಸಾಮಾನು ಮುರೀಲಿಲ್ಲ ಅಕ್ಕೋರೆ. ಇನ್ನು ಮೀನು ಎಂತಕ್ಕೆ?"

ಒಳ್ಳೆಯ ಸಾಮಾನಿನ ಬಗ್ಗೆ ಉಪದೇಶ ಮಾಡುವವರು ಯಾರೂ ಈ ಪಾಯಿಂಟನ್ನು ಹೇಳಿದ್ದಿಲ್ಲ. ಅದು ಬಾಳಿಕೆ ಬರುತ್ತದೆ, ಬಾಗುವುದಿಲ್ಲ, ಹೋದ ಹಾಗೇ ತಿರುಗಿ ಬರುತ್ತದೆ, ಮತ್ತು ಬರುವಾಗ ಏನನ್ನೂ ತರುವುದಿಲ್ಲ. ಮೂರು ವಾರದಿಂದ ನಮ್ಮ ಮನೆಯಲ್ಲಿ ಬೇಳೆ ಸಾರು. ಬರುವ ಸೋಮವಾರ ಭಟ್ಕಳದ ಕಣ್ಣಿನ ಡಾಕ್ಟರರ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ. ಕಣ್ಣು ಚೆನ್ನಾಗಿಯೇ ಕಾಣುತ್ತಿದೆ.