ಸೆರಾಫಿನ್ ಬಾಯಿಯ ಪಕ್ಕದ ಜಾಗ

ಸತ್ತವರ ಹಬ್ಬದ ದಿನ ಬೆಳಿಗ್ಗೆ ಹೆಂಡತಿ ಸೆರಾಫಿನ್ ಬಾಯಿಯ ಸಮಾಧಿಗೆ ಹೂವಿಡಲು ಹೋದ ರೈಟರ್ ರೊಸಾರಿಯೋ, ಅದರ ಮೇಲೆ ಯಾರೋ ಸುಣ್ಣದ ಗೆರೆ ಎಳೆದಿರುವುದನ್ನು ಕಂಡರು. ಗೆರೆ ಆಕೆಯ ಕಾಲ ಬಳಿ ಹತ್ತಿ, ಎದೆಯ ಮೇಲೆ ಹಾದು, ಪಕ್ಕದ ಖಾಲಿ ಜಾಗವನ್ನೂ ದಾಟಿಕೊಂಡು ಬೇಲಿಯ ತನಕ ನೆಟ್ಟಗೆ ಹೋಗಿತ್ತು. ಬದುಕಿದ್ದಾಗ ಆಕೆಯ ತಂಟೆಗೆ ಹೋಗುವ ಧೈರ್ಯ ಇಡೀ ಎಸ್ಟೇಟಿನಲ್ಲಿ ಯಾರಿಗೂ ಇರಲಿಲ್ಲ.

ಪಕ್ಕದ ಖಾಲಿ ಜಾಗ ರೊಸಾರಿಯೋ ಅವರದು. ಆರು ವರ್ಷದ ಹಿಂದೆ ಸೆರಾಫಿನ್ ಬಾಯಿ ಕಣ್ಣು ಮುಚ್ಚುವ ಮುಂಚೆ ಅದನ್ನು ಖಚಿತ ಮಾಡಿಕೊಂಡಿದ್ದಳು. "ಪಕ್ಕದ ಜಾಗ ಬೇರೆ ಯಾರಿಗೂ ಕೊಡಬೇಡಿ. ನಲವತ್ತು ವರ್ಷ ನಿಮ್ಮ ಗೊರಕೆ ಕೇಳಿದ್ದೀನಿ. ಈಗ ಹೊಸಬರದ್ದು ಅಭ್ಯಾಸ ಮಾಡ್ಕೊಳ್ಳೋಕೆ ನನ್ನ ಕೈಲಾಗಲ್ಲ." ರೊಸಾರಿಯೋ ಮಾತು ಕೊಟ್ಟಿದ್ದರು.

ಮಾರನಹಳ್ಳಿಯ ಮೇಲಿನ ಗುಡ್ಡದಲ್ಲಿ, ನೀರ್ಕಲ್ ಎಸ್ಟೇಟಿನ ಕಾಫಿ ಗಿಡಗಳ ನಡುವೆ ಇದ್ದ ಸ್ಮಶಾನ ಅದು. ಪಕ್ಕದಲ್ಲಿದ್ದ ಪುಟ್ಟ ಇಗರ್ಜಿ ಯಾವತ್ತೋ ಬಿದ್ದುಹೋಗಿತ್ತು. ಜನ ಸಕಲೇಶಪುರದ ಚರ್ಚಿಗೆ ಹೋಗತೊಡಗಿ, ಸತ್ತವರನ್ನೂ ಅಲ್ಲಿಗೇ ಒಯ್ಯುತ್ತಿದ್ದರು. ಈಚೆಗೆ ಹಟ ಹಿಡಿದು ಇಲ್ಲೇ ಮಣ್ಣಾದವಳು ಸೆರಾಫಿನ್ ಬಾಯಿ ಒಬ್ಬಳೇ. ಲಂಟಾನದ ಪೊದೆಯೊಳಗೆ ಪಾಚಿ ಹಿಡಿದ ನಲವತ್ತೋ ಐವತ್ತೋ ಕಲ್ಲುಗಳು ಮಾತ್ರ ಉಳಿದಿದ್ದವು.

ಸುಣ್ಣದ ಡಬ್ಬಿ ಹಿಡಿದ ಆಳಿನ ಹಿಂದೆಯೇ ಎಸ್ಟೇಟಿನ ಹೊಸ ಮ್ಯಾನೇಜರ್ ಲೋಹಿತ್ ಬಂದ. ಮೂವತ್ತು ದಾಟದ ಹುಡುಗ, ತಲೆಗೆ ಟೋಪಿ.

"ಕಾಫಿ ಒಣಗಿಸೋಕೆ ಕಣ ಮಾಡ್ತಿದ್ದೀವಿ ಅಂಕಲ್. ಇಡೀ ಗುಡ್ಡದಲ್ಲಿ ಮಟ್ಟಸವಾಗಿರೋದು ಇದೊಂದೇ ಜಾಗ. ನಾಳೆ ಡೋಜರ್ ಬರುತ್ತೆ."

"ಇದು ಸ್ಮಶಾನ ಕಣಪ್ಪಾ!"

"ನಕ್ಷೆಯಲ್ಲಿ ಸ್ಮಶಾನ ಇಲ್ಲ ಅಂಕಲ್. ಕಾಫಿ ಗಿಡ ಅಂತಿದೆ."

ರೊಸಾರಿಯೋ ಮೂವತ್ತೆಂಟು ವರ್ಷ ಅದೇ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದವರು. ಮ್ಯಾನೇಜರ್‌ಗಳ ಎದುರು ಒಮ್ಮೆಯೂ ದನಿ ಏರಿಸಿದವರಲ್ಲ. ಆದರೆ ಅವತ್ತು ಏರಿತು.

"ಇಲ್ಲಿ ಮಿಲಿಟ್ರಿಯವರು ಮಲಗಿದ್ದಾರೆ, ಗೊತ್ತಾ ನಿನಗೆ?"

"ಎಷ್ಟು ಜನ?"

ರೊಸಾರಿಯೋ ಅವರಿಗೆ ಗೊತ್ತಿದ್ದದ್ದು ಒಬ್ಬನೇ, ಅವರ ತಾತನ ತಮ್ಮ ಪಾಸ್ಕಲ್. ಮೊದಲ ಮಹಾಯುದ್ಧಕ್ಕೆಂದು ಇರಾಕಿನ ಬಸ್ರಾಕ್ಕೆ ಹೋಗಿ ಹೇಸರಗತ್ತೆಯ ಗಾಡಿ ಹೊಡೆದು, ಜ್ವರ ಹೊತ್ತು ಬಂದು ಸತ್ತವನು. ಡೋಜರ್ ನಿಲ್ಲಿಸಲು ಒಬ್ಬ ಸಾಲದು ಎನ್ನಿಸಿತು.

"ನಾಲ್ಕು," ಎಂದರು.

ಕಾರ್ಗಿಲ್ ಯುದ್ಧ ಮುಗಿದು ನಾಲ್ಕು ತಿಂಗಳಾಗಿರಲಿಲ್ಲ. ಲಾರಿಗಳ ಹಿಂದೆಲ್ಲ 'ಜೈ ಜವಾನ್' ಎಂದು ಬರೆಸಿದ್ದ ಕಾಲ. ಲೋಹಿತ್ ಮೆಲ್ಲನೆ ಟೋಪಿ ತೆಗೆದ.

"ಸಂಜೆಯೊಳಗೆ ತೋರಿಸಿ ಅಂಕಲ್. ಇಲ್ಲಾಂದ್ರೆ ನಾನು ಧಣಿಗಳಿಗೆ ಏನಂತ ಹೇಳ್ಲಿ?"

ರೊಸಾರಿಯೋ ಇಳಿದು ಬಂದು, ಹೆದ್ದಾರಿ ಪಕ್ಕದ ಮೀನಾಕ್ಷಮ್ಮನ ಹೋಟೆಲಿನಲ್ಲಿ ಕೂತು, ನಡೆದದ್ದನ್ನು ಒಂದು ಲೋಟ ಟೀಗೆ ಹೇಳಿಕೊಂಡರು. ಅದೇ ತಪ್ಪಾಯಿತು. ಮೀನಾಕ್ಷಮ್ಮನ ಹೋಟೆಲಿನಲ್ಲಿ ಹೇಳಿದ್ದು ಘಟ್ಟ ಇಳಿಯುವ ಲಾರಿಗಳ ಜೊತೆ ಮಧ್ಯಾಹ್ನದೊಳಗೆ ಮಂಗಳೂರು ಮುಟ್ಟುತ್ತದೆ. ಅವತ್ತು ಅಷ್ಟು ದೂರ ಹೋಗಬೇಕಾಗಲಿಲ್ಲ. ಪಕ್ಕದ ಮೇಜಿನಲ್ಲಿ ಇಡ್ಲಿ ಮುರಿಯುತ್ತಿದ್ದ ನಿವೃತ್ತ ಸುಬೇದಾರ್ ಸಿದ್ದಬಸಪ್ಪ ಎದ್ದು ನಿಂತ.

"ನಾಲ್ಕು ಜನ ಯೋಧರು ಪೊದೆಯಾಗೆ ಬಿದ್ದವ್ರಾ? ಇವತ್ತು ಸಕ್ಲೇಶ್‌ಪುರದಾಗೆ ಮಾಜಿ ಸೈನಿಕರಿಗೆ ಸನ್ಮಾನ ಐತೆ. ಕರ್ನಲ್ ಸಾಹೇಬ್ರು ಬಂದವ್ರೆ, ಕಂದಾಯದ ದೊಡ್ಡ ಆಫೀಸರ್ರೂ ಬಂದವ್ರೆ. ಮೂರು ಗಂಟೆಗೆ ಕರ್ಕೊಂಡು ಬತ್ತೀನಿ. ನೀವು ಕ್ಲೀನ್ ಮಾಡಿಸಿಡಿ ರೈಟ್ರೇ!"

"ಅಲ್ಲ ಸುಬೇದಾರ್ರೇ, ನಾಲ್ಕು ಅಂದ್ರೆ ಸುಮಾರಾಗಿ..."

ಸಿದ್ದಬಸಪ್ಪನ ಜೀಪು ಆಗಲೇ ಹೋಗಿತ್ತು.

"ಸುಮಾರಾಗಿ ಎಷ್ಟು?" ಎಂದು ಕೇಳಿದಳು ಮೀನಾಕ್ಷಮ್ಮ.

"ಒಂದು," ಎಂದರು ರೊಸಾರಿಯೋ.

ಮೀನಾಕ್ಷಮ್ಮ ಒಲೆ ಆರಿಸಿ, ತೆಂಗಿನ ನಾರು, ಬೂದಿ, ಎರಡು ಕೊಡ ತೆಗೆದುಕೊಂಡು ಹೊರಟಳು. ಪಂಚಾಯಿತಿ ಮೆಂಬರ್ ಕುಳ್ಳಯ್ಯ ಕತ್ತಿ ಹಿಡಿದು ಹಿಂದೆಯೇ ಬಂದ. ಅರವತ್ತರ ಕುಳ್ಳಯ್ಯ ಕರೆಯದಿದ್ದರೂ ಬರುವ ಮನುಷ್ಯ. ಹಾಗಾಗಿಯೇ ಮೂರು ಸಲ ಆಯ್ಕೆಯಾಗಿದ್ದ.

"ಒಬ್ಬ ಕಮ್ಮಿ ಬಿದ್ರೆ ನಮ್ಮಜ್ಜನ್ನ ಸೇರಿಸ್ಕೊಳಿ ರೈಟ್ರೇ," ಎಂದ ದಾರಿಯಲ್ಲಿ.

"ನಿಮ್ಮಜ್ಜ ಮಿಲಿಟ್ರೀಲಿ ಇದ್ರಾ?"

"ಇಲ್ಲ. ಆದ್ರೆ ಬಲೇ ಜಗಳಗಂಟ."

ಪೊದೆ ಕಡಿಯುವ ಕೆಲಸ ಶುರುವಾಯಿತು. ಕುಳ್ಳಯ್ಯ ಎಳೆದ ಮೊದಲ ಕೊಂಬೆಯಲ್ಲೇ ಕೆಂಜಿಗ ಇರುವೆಯ ಗೂಡಿತ್ತು. ಅದು ಬಂದು ಕೂತದ್ದು ರೊಸಾರಿಯೋ ಅವರ ಕತ್ತಿನ ಮೇಲೆ. ಎಪ್ಪತ್ತೊಂದು ವರ್ಷದ ಆ ಗಂಭೀರ ಮನುಷ್ಯ ಸಮಾಧಿಗಳ ನಡುವೆ ಅಂಗಿ ಕಳಚಿ ಕುಣಿದದ್ದನ್ನು ಮೀನಾಕ್ಷಮ್ಮ ನೋಡಿಯೂ ನೋಡದವಳಂತೆ ಕಲ್ಲು ಉಜ್ಜಿದಳು.

ಆಕೆ ಉಜ್ಜಿದ ಮೊದಲ ಕಲ್ಲು ಚೆಂದದ ಅಮೃತಶಿಲೆ. ಇಂಗ್ಲಿಷ್ ಅಕ್ಷರ. ರೊಸಾರಿಯೋ ಕತ್ತು ಕೆರೆದುಕೊಳ್ಳುತ್ತ ಓದಿದರು: "ಟೈಗರ್. ಹನ್ನೊಂದು ವರ್ಷ ನಿಷ್ಠೆಯಿಂದ ಕಾವಲು ಕಾದವನು."

"ಕಾವಲು ಅಂದ್ಮೇಲೆ ಮಿಲಿಟ್ರಿನೇ!" ಎಂದ ಕುಳ್ಳಯ್ಯ. "ಎರಡಾಯ್ತು."

"ಇದು ಎಸ್ಟೇಟಿನ ಹಳೇ ಬಿಳಿ ದೊರೆಯ ನಾಯಿ, ಮಾರಾಯ."

"ನಾಯಿ ಅಂತ ಬರ್ದೈತಾ?" ಎಂದು ಕುಳ್ಳಯ್ಯ ಮೆಲ್ಲನೆ ಕೇಳಿದ. ಬರೆದಿರಲಿಲ್ಲ. ಆದರೂ ರೊಸಾರಿಯೋ ಒಪ್ಪಲಿಲ್ಲ. ಸುಳ್ಳಿಗೂ ಒಂದು ಮಿತಿ ಇದೆ ಎಂದರು.

ಮುಂದಿನ ಹತ್ತು ಕಲ್ಲುಗಳಲ್ಲಿ ಒಬ್ಬ ಬಡಗಿ, ಇಬ್ಬರು ಬಾಣಂತಿಯರು, ಒಬ್ಬ ಅಡುಗೆಯವ, ಉಳಿದದ್ದು ಮಕ್ಕಳು. ಹನ್ನೆರಡೂವರೆ ಆಯಿತು. ಎಪ್ಪತ್ತೊಂದನೇ ವಯಸ್ಸಿನಲ್ಲಿ ಕರ್ನಲ್ ಒಬ್ಬರ ಎದುರು ಸುಳ್ಳುಗಾರನಾಗಿ ನಿಲ್ಲುವುದು ಹೇಗೆಂದು ರೊಸಾರಿಯೋ ಯೋಚಿಸತೊಡಗಿದರು. ಜ್ವರ ಬಂತೆಂದು ಮನೆಗೆ ಹೋಗಿ ಮಲಗಬಹುದಿತ್ತು. ಆದರೆ ಡೋಜರಿಗೆ ಜ್ವರ ಬರುವುದಿಲ್ಲ.

ಅಷ್ಟರಲ್ಲಿ ಮೀನಾಕ್ಷಮ್ಮ ಕೂಗಿದಳು. "ಬನ್ನಿ ಇಲ್ಲಿ, ಇದ್ರಾಗೆ ಬಂದೂಕ ಐತೆ!"

ಕಲ್ಲಿನ ತಲೆಯಲ್ಲಿ ಬಂದೂಕಿನ ಗುರುತು, ಕೆಳಗೆ 'ಸಿಪಾಯಿ ಜುವಾಂವ್' ಎಂದಿತ್ತು. ಅದರ ಹಿಂದಿನ ಸಾಲಿನಲ್ಲಿ ಬರ್ಮಾದಲ್ಲಿ ಲಾರಿ ಓಡಿಸಿದ ಇನಾಸ್. ಮೂಲೆಯಲ್ಲಿ ಮಾರ್ಸೆಲ್, ಲಾನ್ಸ್ ನಾಯಕ್. ಪಾಸ್ಕಲ್ ಸೇರಿ ನಾಲ್ಕು! ರೊಸಾರಿಯೋ ಶಿಲುಬೆಯ ಗುರುತು ಹಾಕಿಕೊಂಡು ಅಲ್ಲೇ ಕೂತುಬಿಟ್ಟರು. ಬಾಯಿಗೆ ಬಂದಂತೆ ಹೇಳಿದ ಸಂಖ್ಯೆಯನ್ನು ದೇವರು ಲೆಕ್ಕ ಹಾಕಿ ಸರಿ ಮಾಡಿಟ್ಟಿದ್ದ.

"ಇನ್ನೊಂದೈತೆ," ಎಂದಳು ಮೀನಾಕ್ಷಮ್ಮ. "ಇದಕ್ಕೆ ಶಿಲುಬೆ ಇಲ್ಲ. ಕನ್ನಡದಾಗೆ ಬರ್ದವ್ರೆ." ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು: "ರಾಮಯ್ಯ. ಆಲೂರು. ದೊರೆಯೊಡನೆ ಬಸ್ರಾ ಯುದ್ಧಕ್ಕೆ ಹೋಗಿ ಬಂದವನು. ೧೯೧೯."

ಕುಳ್ಳಯ್ಯನ ಕೈಯಿಂದ ಕತ್ತಿ ಜಾರಿತು.

"ನಮ್ಮಜ್ಜಿ ತಮ್ಮ," ಎಂದ. "ನಾವಾಗ ಆಲೂರು ಕಡೆ ಇದ್ವು. ಯುದ್ಧಕ್ಕೆ ಹೋದೋನು ಬರ್ಲೇ ಇಲ್ಲ ಅಂತಿದ್ರು. ಅಜ್ಜಿ ಸಾಯೋಗಂಟ ಅವನಿಗೆ ಎಡೆ ಇಡಾಕೆ ಬುಡ್ಲಿಲ್ಲ. 'ಬತ್ತಾನೆ ಕಣೋ, ಬದುಕಿರೋನಿಗೆ ಎಡೆ ಇಡ್ತಾರೇನೋ' ಅನ್ನೋಳು."

ಊರಿಗೆ ಊರೇ ವಿಷಜ್ವರಕ್ಕೆ ಬಲಿಯಾದ ಕಾಲ ಅದು, ಯಾರು ಯಾರಿಗೆ ಸುದ್ದಿ ಮುಟ್ಟಿಸಬೇಕಿತ್ತು? ಕುಳ್ಳಯ್ಯ ಹೆಗಲ ಟವೆಲ್ಲು ಒದ್ದೆ ಮಾಡಿ ಆ ಕಲ್ಲನ್ನು ತಾನೇ ಒರೆಸಿದ. ಅವನು ಒಂದು ಗಂಟೆ ಮಾತಾಡದೆ ಇದ್ದದ್ದು ಹುಟ್ಟಿದ ಮೇಲೆ ಅದೇ ಮೊದಲು.

ಮೂರಕ್ಕೆ ಎರಡು ಜೀಪು ಬಂದವು. ಕರ್ನಲ್ ಸಾಹೇಬರು ಎತ್ತರದ ಮುದುಕರು, ಕೋಲಿನಂತೆ ನೆಟ್ಟಗಿದ್ದರು. ಜೊತೆಯ ಅಧಿಕಾರಿ ಗುಂಡಗಿದ್ದರು, ಹಾರ ಅವರ ಕೈಯಲ್ಲಿತ್ತು. ಗೇಟು ದಾಟಿದವರೇ ಎಲ್ಲಕ್ಕಿಂತ ಬೆಳ್ಳಗೆ ಹೊಳೆಯುತ್ತಿದ್ದ ಕಲ್ಲಿಗೆ ಹಾರ ಹಾಕಿಬಿಟ್ಟರು. ರೊಸಾರಿಯೋ ಬಾಯಿ ತೆರೆಯುವಷ್ಟರಲ್ಲಿ ಸಿದ್ದಬಸಪ್ಪ "ಸಾವ್‌ಧಾನ್!" ಎಂದು ಗುಡ್ಡ ನಡುಗುವಂತೆ ಕೂಗಿದ. ಎಲ್ಲರೂ ಟೈಗರ್‌ಗೆ ಸೆಲ್ಯೂಟ್ ಹೊಡೆದರು. ಕರ್ನಲ್ ಮಾತ್ರ ಕೈ ಇಳಿಸದೆಯೇ ಕಲ್ಲನ್ನು ಓದಿ, "ಕೆಲಸ ಮಾಡಿದ್ದಾನಲ್ಲ, ಇರಲಿ," ಎಂದು ಮುಂದೆ ನಡೆದರು.

ಐವರ ಮುಂದೆಯೂ ಒಂದೊಂದು ನಿಮಿಷ ನಿಂತರು. ರಾಮಯ್ಯನ ಕಲ್ಲಿನ ಎದುರು ಕುಳ್ಳಯ್ಯನ ಕೈ ಹಿಡಿದುಕೊಂಡು ನಿಂತರು. ತಿರುಗಿ ಅಧಿಕಾರಿಗೆ, "ಈ ನೆಲ ಉಳೀಬೇಕು. ಇವತ್ತೇ," ಎಂದರು.

"ಒಂದು ಅರ್ಜಿ ಬೇಕಲ್ಲ ಸರ್," ಎಂದರು ಅಧಿಕಾರಿ.

ಅರ್ಜಿ ಬರೆಯಲು ರೈಟರಿಗಿಂತ ಬೇರೆ ಯಾರು ಬೇಕು? ಜೀಪಿನ ಬಾನೆಟ್ ಮೇಲೆ ಹಾಳೆ ಬಿತ್ತು. ಸಿದ್ದಬಸಪ್ಪ ಗಂಟಲು ಸರಿಮಾಡಿಕೊಂಡು ಕಚೇರಿಯ ಕನ್ನಡದಲ್ಲಿ ಹೇಳುತ್ತ ಹೋದ, ರೊಸಾರಿಯೋ ಬರೆಯುತ್ತ ಹೋದರು. ಮೂವತ್ತೆಂಟು ವರ್ಷದ ಅಭ್ಯಾಸ: ಮೇಲಿನವರು ಹೇಳಿದ್ದು ಕಿವಿಯಿಂದ ಕೈಗೆ ಇಳಿಯುತ್ತಿತ್ತು, ನಡುವೆ ತಲೆಗೆ ಹೋಗುತ್ತಿರಲಿಲ್ಲ. ಮುತ್ತು ಪೋಣಿಸಿದಂಥ ಅಕ್ಷರ. ಸಹಿ ಹಾಕಿದರು. ಅಧಿಕಾರಿ ಅದರ ಮೇಲೆಯೇ 'ಒಪ್ಪಿದೆ' ಎಂದು ಬರೆದು ಮೊಹರು ಒತ್ತಿದರು. ಅಷ್ಟರಲ್ಲಿ ಬಂದು ನಿಂತಿದ್ದ ಲೋಹಿತ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಆಮೇಲೆ ಕರ್ನಲ್, "ಎಲ್ಲರಿಗೂ ಓದಿ ಹೇಳಿ," ಎಂದರು. ರೊಸಾರಿಯೋ ಹೆಮ್ಮೆಯಿಂದ ಕನ್ನಡಕ ಏರಿಸಿದರು. ಭದ್ರವಾದ ಹೊಸ ಬೇಲಿ ಹಾಕಿಸತಕ್ಕದ್ದು. ದನ ಮೇಯಿಸಕೂಡದು. ಮೂರನೆಯದಕ್ಕೆ ಬಂದಾಗ ದನಿ ಸಣ್ಣಗಾಯಿತು. "ಈ ಪವಿತ್ರ ನೆಲದಲ್ಲಿ ಇನ್ನು ಮುಂದೆ ಯಾವ ಕಾರಣಕ್ಕೂ ಅಗೆಯುವುದಾಗಲಿ, ಹೊಸದಾಗಿ ಯಾರನ್ನೇ ಹೂಳುವುದಾಗಲಿ ಕೂಡದೆಂದು ಬೇಡುವ, ತಮ್ಮ ವಿಧೇಯ, ಬಿ. ರೊಸಾರಿಯೋ."

ಅವರು ಹಾಳೆಯನ್ನು ತಿರುಗಿಸಿ ನೋಡಿದರು. ಹಿಂದೆ ಏನೂ ಇರಲಿಲ್ಲ.

"ಸಾರ್," ಎಂದರು ಅಧಿಕಾರಿಗೆ, "ನನಗೊಂದು ಜಾಗ ಇಲ್ಲಿ... ಹೆಂಡತಿ ಪಕ್ಕ..."

"ಈಗ ನಿಯಮ ಬಂದ್ಬಿಡ್ತಲ್ಲ ರೊಸಾರಿಯೋ ಅವರೇ. ನೀವೇ ಕೇಳಿದ್ದು." ಅಧಿಕಾರಿಗೆ ಪಾಪ ಎನ್ನಿಸಿರಬೇಕು. "ಯೋಧರಾಗಿದ್ರೆ ಏನಾದ್ರೂ ನೋಡಬಹುದಿತ್ತು. ನೀವು ಸೇನೆಯಲ್ಲಿ ಇದ್ರಾ?"

"ಇಲ್ಲ ಸಾರ್. ಕಾಫೀಲಿದ್ದೆ."

ಆಗಲೇ ಲೋಹಿತ್ ಇಬ್ಬರು ಆಳುಗಳ ಹೆಗಲ ಮೇಲೆ ಇಪ್ಪತ್ತಡಿಯ ಕಬ್ಬಿಣದ ಪೈಪು ತರಿಸಿದ. ಎಸ್ಟೇಟಿನ ಕಡೆಯಿಂದ ಧ್ವಜಸ್ತಂಭ. ಕರ್ನಲ್ ಸುತ್ತ ನೋಡಿದರು. ಎಲ್ಲ ಕಡೆ ಕಲ್ಲು. ಒಂದು ಕಡೆ ಮಾತ್ರ ಆರಡಿ ಉದ್ದ ಮೂರಡಿ ಅಗಲ ಚೊಕ್ಕವಾಗಿ, ಹುಲ್ಲು ಕಿತ್ತು, ಯಾರೋ ವರ್ಷಗಟ್ಟಲೆ ನೋಡಿಕೊಂಡಂತೆ ಖಾಲಿ ಇತ್ತು.

"ಇಲ್ಲಿ," ಎಂದರು ಕರ್ನಲ್. "ಇದೇ ಕೊನೆಯ ಅಗೆತ. ಮೊದಲ ಏಟು ರೊಸಾರಿಯೋ ಅವರೇ ಹಾಕಲಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಹಾರೆ ಕೈಗೆ ಬಂತು. ಕರ್ನಲ್ ಎದುರಿಗಿದ್ದರು, ಐದು ಜನ ಯೋಧರು ಸುತ್ತ ಮಲಗಿದ್ದರು. ರೊಸಾರಿಯೋ ಸೆರಾಫಿನ್ ಬಾಯಿಯ ಕಡೆ ನೋಡದೆ ಹಾರೆ ಎತ್ತಿ ಹಾಕಿದರು.

ಪೈಪು ನೆಟ್ಟು, ಬಾವುಟ ಏರಿಸಿ ಜೀಪುಗಳು ಹೋದ ಮೇಲೆ ರೊಸಾರಿಯೋ ಮೇಣದ ಬತ್ತಿ ಹಚ್ಚಿ ಹೆಂಡತಿಯ ಕಲ್ಲಿನ ಬಳಿ ಕೂತರು. ಕುಳ್ಳಯ್ಯ ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಸೆರಾಫಿನ್ ಬಾಯಿಗೆ ಕೊಟ್ಟ ಮಾತಿನ ವಿಷಯ ಮೀನಾಕ್ಷಮ್ಮ ಅವನಿಗೆ ಹೇಳಿದ್ದಳು.

"ರೈಟ್ರೇ, ಎಂಬತ್ತು ವರ್ಷ ಆದ್ಮೇಲೆ ನಮ್ಮೋನ್ನ ಹುಡುಕ್ಕೊಟ್ರಿ. ನಿಮ್ ಋಣ ಇಟ್ಕಳಲ್ಲ. ನಮ್ ಹೊಲದ್ ಮೂಲೇಲಿ ನಮ್ಮಜ್ಜಿ ಐತೆ. ಪಕ್ಕದಾಗೆ ಒಂದು ಜಾಗ ಬುಟ್ಟಿದ್ವು, ರಾಮಯ್ಯ ಬತ್ತಾನೆ ಅಂತ. ಅವ್ನು ನಿಮ್ಮೋರ ಜೊತೆ ಇಲ್ಲೇ ಆರಾಮಾಗವ್ನೆ. ಆ ಜಾಗ ನಿಮಗೇ ಇರ್ಲಿ."

ರೊಸಾರಿಯೋ ಬಹಳ ಹೊತ್ತು ಪೈಪಿನ ತುದಿಯನ್ನೇ ನೋಡಿದರು. ಬಾವುಟ ಗಾಳಿಗೆ ಪಟಪಟ ಎನ್ನುತ್ತಿತ್ತು.

"ನಿಮ್ಮ ಹೊಲದಿಂದ ಇದು ಕಾಣುತ್ತಾ?"

ಕುಳ್ಳಯ್ಯ ಎದ್ದು, ಕಣ್ಣಿಗೆ ಕೈ ಅಡ್ಡ ಹಿಡಿದು, ಹೊಲದ ದಿಕ್ಕಿಗೊಮ್ಮೆ ಬಾವುಟದ ಕಡೆಗೊಮ್ಮೆ ನೋಡಿ ಅಂದಾಜು ಮಾಡಿದ.

"ಚೆನ್ನಾಗ್ ಕಾಣುತ್ತೆ," ಎಂದ. "ಮಳೆಗಾಲ ಒಂದು ಬುಟ್ಟು."