ಛೇರ್ಮನ್ನರು ಕಚ್ಚಿದ ಬೀಜ

ದೊಡ್ಡ ಮನುಷ್ಯರನ್ನು ದೂರದಿಂದ ಗೌರವಿಸುವುದೇ ಕ್ಷೇಮ. ಹತ್ತಿರ ಹೋಗಿ ಗೌರವಿಸಿದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಕೊಡಗು ಆಗಿನ್ನೂ ಪ್ರತ್ಯೇಕ ರಾಜ್ಯ. ನಾನು ಸೋಮವಾರಪೇಟೆಯಾಚೆಯ ಕಾಫಿ ಎಸ್ಟೇಟೊಂದರಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವವನು, ಕಣ ನೋಡಿಕೊಳ್ಳುವವನು, ಎಲ್ಲರಿಂದ ಬೈಸಿಕೊಳ್ಳುವವನು. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ನಮ್ಮ ಕಂಪನಿಯ ಛೇರ್ಮನ್ನರು ಮಾತ್ರ ಲಂಡನ್ನಿನಲ್ಲೇ ಇದ್ದರು. ಅವರು ಎಸ್ಟೇಟಿಗೆ ಬರುತ್ತಾರೆಂದೂ, ಖಾಲಿಯಿದ್ದ ಹೆಡ್ ರೈಟರ್ ಕೆಲಸ ಯಾರಿಗೆಂದು ಅವರೇ ಹೇಳುತ್ತಾರೆಂದೂ ಸುದ್ದಿ ಬಂತು. ಆ ಕೆಲಸಕ್ಕೆ ಹೆಂಚಿನ ಮನೆ ಸಿಗುತ್ತಿತ್ತು. ನನ್ನವಳು ಆಗಲೇ ಕಿಟಕಿಯಲ್ಲಿ ಇಣುಕಿ, ಅದರ ಅಡಿಗೆಮನೆ ನೋಡಿಕೊಂಡು ಬಂದಿದ್ದಳು.

ಸ್ವಾಗತ ಭಾಷಣ ನನ್ನ ಪಾಲಿಗೆ ಬಿತ್ತು. ಮ್ಯಾನೇಜರ್ ಸುಬ್ಬಯ್ಯನವರು ಛೇರ್ಮನ್ನರ ವೃತ್ತಾಂತವನ್ನೆಲ್ಲ ನನಗೆ ಬಾಯಿಪಾಠ ಮಾಡಿಸಿದರು: ಗುಮಾಸ್ತನಾಗಿ ಸೇರಿದ್ದು, ಹಡಗಿನ ವ್ಯವಹಾರ ನೋಡಿಕೊಂಡದ್ದು, ಮುಳುಗುತ್ತಿದ್ದ ಕಂಪನಿಯನ್ನು ಎತ್ತಿ ನಿಲ್ಲಿಸಿದ್ದು, ಕೊನೆಗೆ ಛೇರ್ಮನ್ ಆದದ್ದು. ಗುಮಾಸ್ತ ಎಂಬಲ್ಲಿಗೆ ಬಂದಾಗಲೆಲ್ಲ ನಾವಿಬ್ಬರೂ ಒಂದೇ ಕುಲದವರೆನಿಸಿ ನನ್ನ ಎದೆ ಉಬ್ಬುತ್ತಿತ್ತು.

ನಮ್ಮಲ್ಲೊಂದು ಪದ್ಧತಿಯಿದೆ. ಕಣದಲ್ಲಿ ಹರಡಿದ ಕಾಫಿಬೀಜ ಒಣಗಿದೆಯೇ ಎಂದು ತಿಳಿಯಲು ಒಂದನ್ನು ಕಚ್ಚಿ ನೋಡಬೇಕು. ಹಲ್ಲಿನ ಗುರುತು ಬಿದ್ದರೆ ಇನ್ನೂ ಹಸಿ. ಕಟ್ಟೆಂದು ಸದ್ದಾದರೆ ಮೂಟೆ ಕಟ್ಟಬಹುದು. ದೊಡ್ಡವರು ಕಣಕ್ಕೆ ಬಂದರೆ ಮೊದಲ ಬೀಜ ಅವರಿಗೇ, ಅದು ಮರ್ಯಾದೆ. ಛೇರ್ಮನ್ನರು ಬಂದರು. ನಾನು ಬೀಜ ಆರಿಸಿ, ಸಿಪ್ಪೆ ಸುಲಿದು, ಎರಡೂ ಕೈಯಲ್ಲಿ ಒಪ್ಪಿಸಿದೆ. ಪಾಪ, ಒಳ್ಳೆಯ ಮನುಷ್ಯ, ಬೇಡ ಎನ್ನದೆ ಬಾಯಿಗೆ ಹಾಕಿಕೊಂಡರು.

ಕಟ್ಟೆಂದಿತು. "ಒಣಗಿದೆ ಸಾರ್!" ಎಂದು ನಾನು ಚಪ್ಪಾಳೆ ತಟ್ಟಿದೆ. ನನ್ನನ್ನು ನೋಡಿ ಆಳುಗಳೂ ತಟ್ಟಿದರು. ಛೇರ್ಮನ್ನರು ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದು ಬೀಜದ ರಾಶಿಯತ್ತ ಬಗ್ಗಿದರು. ಅಲ್ಲಿ ಕೆಟ್ಟ ಬೀಜ ಆರಿಸುತ್ತಿದ್ದ ಚಿನ್ನಮ್ಮ ಏನನ್ನೋ ಎತ್ತಿ ಹಿಡಿದು ಕಿರುಚಿದಳು:

"ಅಯ್ಯೋ ರೈಟ್ರೇ, ಇದ್ ಬೀಜ ಅಲ್ಲ ಕಣ್ರೀ, ಹಲ್ಲು! ಸಾಲಿಗ್ ಸಾಲೇ ಬಂದೈತೆ!"

ನನ್ನ ಜೀವ ಬಾಯಿಗೆ ಬಂತು. ಗುಮಾಸ್ತನಾಗಿ ಸೇರಿದ್ದು, ಛೇರ್ಮನ್ ಆದದ್ದು ಎಂದು ಎಲ್ಲ ಬಾಯಿಪಾಠ ಮಾಡಿಸಿದ ಸುಬ್ಬಯ್ಯನವರು ಹಲ್ಲು ಕಟ್ಟಿಸಿಕೊಂಡದ್ದನ್ನು ಹೇಳಬಾರದಿತ್ತೇ? ಅವರೋ ಬಿಳುಚಿಕೊಂಡು ನಿಂತಿದ್ದರು. ಛೇರ್ಮನ್ನರು ಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಏನೋ ತೊದಲಿದರು. ಜೀವಮಾನವೆಲ್ಲ ಕಾಫಿ ಮಾರಿದರೂ ಅದನ್ನು ಬಾಯಿಗೆ ಹಾಕಿಕೊಂಡದ್ದು ಇದೇ ಮೊದಲಂತೆ, ಮನೆಯಲ್ಲಿ ಕುಡಿಯುವುದು ಚಹಾ ಅಂತೆ. ಹಲ್ಲು ಬಿದ್ದದ್ದಕ್ಕಿಂತ ಈ ಮಾತಿಗೇ ನಾನು ಹೆಚ್ಚು ಬೆಚ್ಚಿಬಿದ್ದೆ.

ಭಾಷಣ ನಡೆಯಲಿಲ್ಲ. ಹೆಂಚಿನ ಮನೆಯ ಆಸೆ ಬಿಟ್ಟು, ಟ್ರಂಕು ಕಟ್ಟಲು ನನ್ನವಳಿಗೆ ಹೇಳಿದೆ. ಮರುದಿನ ಸುಬ್ಬಯ್ಯನವರು ಕರೆಸಿದರು.

"ನಿಮ್ಮನ್ನೇ ಹೆಡ್ ರೈಟರ್ ಮಾಡ್ಬೇಕಂತೆ."

"ನನ್ನನ್ನಾ ಸಾರ್?"

"ಹ್ಞೂಂ. ಇನ್ನು ಆಫೀಸಲ್ಲೇ ಕೂತಿರ್ಬೇಕಂತೆ. ಕಣದ ಕಡೆ ತಲೆ ಹಾಕ್ಬಾರ್ದಂತೆ."

ಅಂದಿನಿಂದ ಬೀಜ ಕಚ್ಚುವವಳು ಚಿನ್ನಮ್ಮ. ಒಣಗಿದೆಯೆಂದು ಆಫೀಸಿನಲ್ಲಿ ಕೂತು ತಲೆಯಾಡಿಸುವವನು ನಾನು. ನಿಮಗೂ ಛೇರ್ಮನ್ ಆಗುವ ಲಕ್ಷಣ ಕಾಣುತ್ತಿದೆ ಎನ್ನುತ್ತಾ ನನ್ನವಳು ಹೆಂಚಿನ ಮನೆಯ ಅಡಿಗೆಮನೆಯಿಂದ ಲೋಟ ತಂದಿಟ್ಟಳು. ನೋಡಿದರೆ ಚಹಾ.